ಬಾಕ್ಸಿಂಗ್‌ನಲ್ಲಿ ತೂಕದ ಅಂತರ

ಬಾಕ್ಸರ್ ತನಗಿಂತ ಬಹಳ ಭಾರದ ಎದುರಾಳಿಯೊಂದಿಗೆ ಸೆಣಸುವ ಸಂದರ್ಭ ಮುಖ್ಯವಾಗಿ ಹೆವಿವೇಟ್ ವಿಭಾಗದ್ದು. ಅಲ್ಲಿ ತೂಕಕ್ಕೆ ಮೇಲ್ಮಿತಿಯಿಲ್ಲ. 1919ರ ಜುಲೈ 4ರಂದು ಅಮೆರಿಕದ ಟೊಲಿಡೊದಲ್ಲಿ ಸುಮಾರು 85 ಕಿಲೋ ತೂಕದ ಜ್ಯಾಕ್ ಡೆಂಪ್ಸಿ, 111 ಕಿಲೋದ ಚಾಂಪಿಯನ್ ಜೆಸ್ ವಿಲ್ಲರ್ಡ್‌ನನ್ನು ಮೊದಲ ಸುತ್ತಿನಲ್ಲೇ ಏಳು ಬಾರಿ ಕೆಡವಿದ. ಬಿದ್ದವನ ಪಕ್ಕದಲ್ಲೇ ನಿಂತು, ಅವನು ಏಳುತ್ತಿದ್ದಂತೆ ಹೊಡೆಯಲು ಆಗ ಅವಕಾಶವಿತ್ತು. ಆ ಗೆಲುವನ್ನು ಅಳೆಯುವಾಗ ಇದನ್ನು ಮರೆಯಬಾರದು. ನಾಲ್ಕನೇ ಸುತ್ತಿಗೆ ವಿಲ್ಲರ್ಡ್ ಬರಲೇ ಇಲ್ಲ. 1941ರಲ್ಲಿ ಹಗುರ ಮೈಯ ಬಿಲ್ಲಿ ಕಾನ್, ತನಗಿಂತ ಭಾರದ ಚಾಂಪಿಯನ್ ಜೋ ಲೂಯಿಸ್‌ನನ್ನು ಹನ್ನೆರಡು ಸುತ್ತು ಚುರುಕಾಗಿ ಕಾಡಿ, ನಾಕೌಟ್‌ಗೆ ಆಸೆಪಟ್ಟು ಹದಿಮೂರನೆಯದರಲ್ಲಿ ನೆಲಕಚ್ಚಿದ. ಭಾರದವನೂ ನಿಪುಣನಾದರೆ ಹಗುರನ ಒಂದು ತಪ್ಪು ಸಾಕು. 2009ರಲ್ಲಿ ಡೇವಿಡ್ ಹೇ ತನಗಿಂತ ಸುಮಾರು 45 ಕಿಲೋ ಹೆಚ್ಚು ತೂಗುತ್ತಿದ್ದ, ಆದರೆ ನಿಧಾನಗತಿಯ ನಿಕೊಲಾಯ್ ವಾಲುಯೆವ್‌ನನ್ನು ಅಂಕಗಳ ಆಧಾರದ ಮೇಲೆ ಸೋಲಿಸಿದ.