ಗುಟ್ಟಿನ ಮಾತು, ಅದರ ಬೆಲೆ

ಡೊಂಬಿವಲಿ, ಕಲ್ಯಾಣಗಳಲ್ಲಿ ಬಂದು ನೆಲೆಸಿದ ನಮ್ಮ ಹಿರಿಯರು ಊರಿಗೆ ಕಾಗದ ಬರೆಯುವಾಗ ಒಂದು ವಿವೇಕವನ್ನು ಪಾಲಿಸುತ್ತಿದ್ದರು. ಕ್ಷೇಮಸಮಾಚಾರಕ್ಕೆ ಕಾರ್ಡು; ಸಾಲ, ಸಂಬಂಧಗಳ ಮಾತಿಗೆ ಮುಚ್ಚಿದ ಲಕೋಟೆ. 1879ರಲ್ಲಿ ನಮ್ಮ ದೇಶಕ್ಕೆ ಬಂದಾಗ ಅಂಚೆ ಕಾರ್ಡಿನ ಬೆಲೆ ಕಾಲಾಣೆ. ಅದನ್ನು ಅಂಚೆಯವನೂ ಓದಬಹುದಿತ್ತು. ಗುಟ್ಟು ಬೇಕೆಂದರೆ ಹೆಚ್ಚು ಕಾಸು ತೆರಬೇಕಿತ್ತು. ಲಕೋಟೆಯೂ ಒಳಗಿನ ಮಾತನ್ನಷ್ಟೇ ಮುಚ್ಚುತ್ತದೆ. ಯಾವ ಊರಿನಿಂದ ಯಾರ ಮನೆಗೆ ಬಂತೆಂಬುದು ಮೇಲೆಯೇ ಕಾಣುತ್ತದೆ.

ಈ ಎರಡನೆಯ ಗುಟ್ಟನ್ನು, ಎಂದರೆ ಹೇಳಿದವರು ಯಾರೆಂಬುದನ್ನು, ಕಾಪಾಡುವುದು ಎಷ್ಟು ಕಷ್ಟವೆಂದು 1942ರ ಮುಂಬಯಿ ತೋರಿಸಿಕೊಟ್ಟಿತು. ಚಲೇಜಾವ್ ಚಳವಳಿಯ ನಾಯಕರು ಸೆರೆಮನೆ ಸೇರಿದಾಗ 22 ವರ್ಷದ ಉಷಾ ಮೆಹತಾ ಮತ್ತು ಸಂಗಡಿಗರು ಆಗಸ್ಟ್ 27ರಂದು ಗುಪ್ತ ಕಾಂಗ್ರೆಸ್ ರೇಡಿಯೋ ಆರಂಭಿಸಿದರು. ಪತ್ರಿಕೆಗಳಲ್ಲಿ ಬಾರದ ಸುದ್ದಿ 42.34 ಮೀಟರಿನಲ್ಲಿ ಕೇಳಿಬಂತು. ಪೊಲೀಸರು ಜಾಡು ಅರಸುತ್ತಿದ್ದುದರಿಂದ ಯಂತ್ರವನ್ನು ಮನೆಯಿಂದ ಮನೆಗೆ ಸಾಗಿಸಬೇಕಾಯಿತು. ಕಡೆಗೆ ಅವರದೇ ತಂತ್ರಜ್ಞನೊಬ್ಬ ಗುಟ್ಟು ಬಿಟ್ಟುಕೊಟ್ಟದ್ದರಿಂದ ನವೆಂಬರ್ 12ರಂದು ಸಿಕ್ಕಿಬಿದ್ದರು. ಉಷಾ ಅವರಿಗೆ 4 ವರ್ಷಗಳ ಸೆರೆವಾಸವಾಯಿತು.

ಅಂಥ ಮರೆಯನ್ನು ಇಂದು ಟಾರ್ ಎಂಬ ಜಾಲ ಗಣಕಯಂತ್ರದ ಬಳಕೆದಾರರಿಗೆ ಒದಗಿಸುತ್ತದೆ. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ 1990ರ ದಶಕದಲ್ಲಿ ಮೂಡಿದ ಈ ವಿಚಾರ 2002ರಲ್ಲಿ ಸಾರ್ವಜನಿಕರ ಕೈಗೆ ಬಂತು. ಸಂದೇಶವು ಈರುಳ್ಳಿಯಂತೆ ಪದರ ಪದರವಾಗಿ ಮುಚ್ಚಿಕೊಂಡು, ಸಾಮಾನ್ಯವಾಗಿ ಮೂರು ಯಂತ್ರಗಳನ್ನು ಹಾಯ್ದು ಹೋಗುತ್ತದೆ. ಮೊದಲನೆಯದಕ್ಕೆ ಕಳಿಸಿದವರು ಗೊತ್ತು, ತಲುಪುವ ಠಾವು ಗೊತ್ತಿಲ್ಲ; ಕೊನೆಯದಕ್ಕೆ ಠಾವು ಗೊತ್ತು, ಕಳಿಸಿದವರು ಗೊತ್ತಿಲ್ಲ. ಸುತ್ತುದಾರಿಯಾದ್ದರಿಂದ ಕೆಲಸ ನಿಧಾನ. ನಮ್ಮ ಹೆಸರನ್ನು ನಾವೇ ಬರೆದುಬಿಟ್ಟರೆ ಪದರಗಳೆಲ್ಲ ವ್ಯರ್ಥ. ವಾಟ್ಸ್ಯಾಪ್ 2016ರಿಂದ ಸಂದೇಶಗಳಿಗೆ ಬೀಗ ಹಾಕಿದೆಯಾದರೂ, ಯಾರು ಯಾರೊಡನೆ ಸಂಪರ್ಕದಲ್ಲಿದ್ದಾರೆಂಬ ವಿವರವನ್ನು ಆ ಬೀಗ ಮುಚ್ಚುವುದಿಲ್ಲ.

ಮರೆ ಸಜ್ಜನರಿಗಷ್ಟೇ ಒದಗುವುದಿಲ್ಲ. 2016ರ ಅಕ್ಟೋಬರಿನಲ್ಲಿ ಠಾಣೆಯ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದರು. ಅಮೆರಿಕದ ತೆರಿಗೆ ಅಧಿಕಾರಿಗಳ ಸೋಗಿನಲ್ಲಿ ಅಲ್ಲಿಯ ಜನರಿಗೆ ಫೋನು ಮಾಡಿ, ಬೆದರಿಸಿ ಹಣ ಸುಲಿಯುವ ದಂಧೆ ಬಯಲಾಯಿತು. ಈಗ ಅದೇ ಬಗೆಯ ಬೆದರಿಕೆ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನಲ್ಲಿ ನಮ್ಮ ಮನೆಗಳ ಹಿರಿಯರಿಗೂ ಬರುತ್ತಿದೆ.

ಹಾಗೆಂದು ಎಲ್ಲ ಬೀಗಗಳ ಕೀಲಿಯನ್ನೂ ಸರಕಾರದ ಕೈಗೆ ಕೊಡಬಹುದೆ? ಟೆಲಿಫೋನ್ ಕದ್ದಾಲಿಕೆಯ ಆರೋಪದಿಂದ 1988ರಲ್ಲಿ ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಅಧಿಕಾರ ಬಿಡಬೇಕಾಯಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಕದ್ದಾಲಿಕೆಗೆ ಕಟ್ಟಳೆ ವಿಧಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕಿಗೂ ಮಿತಿಯುಂಟು. ಆದರೆ ಮಿತಿ ಹಾಕಲು ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಅಳತೆ ಮೀರದ ಕ್ರಮ ಇರಬೇಕು.

ಈ ದಾರಿಯೇ ಸರಿಯೆಂದು ನಮಗೆ ತೋರುತ್ತದೆ. ಮರೆಯನ್ನೇ ಕಿತ್ತೆಸೆದರೆ ವಂಚಕನೊಡನೆ ಉಷಾ ಮೆಹತಾರಂಥವರೂ ಬಯಲಿಗೆ ಬೀಳುತ್ತಾರೆ. ವಂಚಕನನ್ನು ಹಿಡಿಯಲು ಅವನ ಹಣದ ಜಾಡುಂಟು, ಜೊತೆಗಾರರ ಬಾಯುಂಟು. ನಾವು ಮಾಡಬೇಕಾದ್ದು ಇಷ್ಟು: ಸೋಗಿನ ಕರೆಗೆ ಅಂಜದೆ ಫೋನು ಕೆಳಗಿಡಲು ಮನೆಯ ಹಿರಿಯರಿಗೆ ಹೇಳಿಕೊಡುವುದು, ಯಾವ ಬೀಗವೂ ತಮ್ಮ ನಾಲಗೆಯನ್ನು ಕಾಯಲಾರದೆಂದು ಮಕ್ಕಳಿಗೆ ತಿಳಿಸುವುದು.