ಗಾಂಜಾ ಮಹಲಿನ ಮಣ್ಣು: ನೌಗಾಂವ್ ರೈತರ ಭೂಸಂಸ್ಕಾರ

ಕೃಷಿಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಗ್ರಂಥಗಳಿಂದ ಆರಂಭಿಸುತ್ತಾರೆ. ಕನ್ನಡದಲ್ಲಿ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವು (ಸು. 1025) ವೃಕ್ಷಾಯುರ್ವೇದವನ್ನು ನಿರೂಪಿಸುತ್ತದೆ. ಆದರೆ ಮಣ್ಣನ್ನು ಹದಗೊಳಿಸುವ ವಿದ್ಯೆಯು ಬಹುಮಟ್ಟಿಗೆ ಗ್ರಂಥಗಳ ಹೊರಗೆ, ರೈತರ ಕೈಯಲ್ಲಿ ಬೆಳೆದದ್ದು. ಬರೆದಿಡದ ಈ ವಿದ್ಯೆಯು ಚರಿತ್ರಕಾರನಿಗೆ ಲಭ್ಯವಾಗುವ ಬಗೆ ಹೇಗೆ? ಬಂಗಾಳದ ಗಾಂಜಾ ಬೇಸಾಯವನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂಗಾಳದ ಗಾಂಜಾ ಬೆಳೆಯು ನೌಗಾಂವ್ ಪಟ್ಟಣದ ಸುತ್ತಣ ‘ಗಾಂಜಾ ಮಹಲ್’ ಎಂಬ ಪ್ರದೇಶದಲ್ಲಿ ಕೇಂದ್ರೀಕೃತವಾಗಿತ್ತು. ಇದು ರಾಜಶಾಹಿ, ದಿನಾಜಪುರ, ಬೋಗ್ರಾ ಜಿಲ್ಲೆಗಳಿಗೆ ಹಬ್ಬಿದ್ದು, ಈಗ ಬಾಂಗ್ಲಾದೇಶಕ್ಕೆ ಸೇರಿದೆ. ಬೆಳೆಯಲು ಪರವಾನಗಿ ಬೇಕಾಗಿತ್ತು. ಫಸಲು ಸರ್ಕಾರದ ಹತೋಟಿಗೊಳಪಟ್ಟ ಉಗ್ರಾಣಗಳನ್ನು ಸೇರುತ್ತಿತ್ತು. ಸುಂಕವು ಸೋರಿಹೋಗದಂತೆ ನೋಡಿಕೊಳ್ಳಲು ಸರ್ಕಾರವು ಹೊಲವನ್ನೂ ಅರಿಯಬೇಕಾಯಿತು. 1877ರಲ್ಲಿ ಹೇಮಚಂದ್ರ ಕರ್, 1893ರಲ್ಲಿ ಸಸ್ಯಶಾಸ್ತ್ರಜ್ಞ ಡೇವಿಡ್ ಪ್ರೇನ್ ವರದಿಗಳನ್ನು ಸಿದ್ಧಪಡಿಸಿದರು. 1893ರಲ್ಲಿ ನೇಮಕಗೊಂಡ ಭಾರತೀಯ ಗಾಂಜಾ ಆಯೋಗವು ಸಾವಿರಕ್ಕೂ ಮಿಕ್ಕ ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅಬಕಾರಿಗಾಗಿ ಹುಟ್ಟಿದ ಈ ಕಡತಗಳೇ ನಮಗೆ ಕೃಷಿಚರಿತ್ರೆಯ ಆಕರಗಳು.

ಇವುಗಳಿಂದ ತಿಳಿದುಬರುವ ಕ್ರಮವು ಸ್ಥೂಲವಾಗಿ ಹೀಗಿದೆ. ನೆರಳಿಲ್ಲದ, ನೀರು ನಿಲ್ಲದ ಎತ್ತರದ ಹಗುರ ಮರಳುಗೋಡನ್ನು ರೈತರು ಆರಿಸುತ್ತಿದ್ದರು. ಬೇಸಿಗೆಯಿಂದಲೇ ಮತ್ತೆ ಮತ್ತೆ ಉತ್ತು, ಸುತ್ತಣ ಹಳ್ಳಗಳಿಂದ ತೆಗೆದ ಹೊಸ ಮಣ್ಣನ್ನೂ ಸಗಣಿಯ ಗೊಬ್ಬರವನ್ನೂ ಹರಡುತ್ತಿದ್ದರು. ಮಳೆಗಾಲ ಮುಗಿಯುತ್ತ ಬಂದಾಗ ಏರು ಕಟ್ಟಿ, ಬೇರೆ ಮಡಿಯಲ್ಲಿ ಬೆಳೆಸಿದ ಸಸಿಗಳನ್ನು ನಾಟಿ ಮಾಡುತ್ತಿದ್ದರು. ಸಸಿ ಬೇರೂರಿದ ಅನಂತರ ಏರನ್ನು ಸಡಿಲಿಸಿ, ಹಿಂಡಿಯನ್ನೂ ಸಗಣಿಯನ್ನೂ ಬೆರೆಸಿ, ಏರನ್ನು ಪುನಃ ಕಟ್ಟುತ್ತಿದ್ದರು.

ಈ ಕ್ರಮದಲ್ಲಿ ನಾವು ಗಮನಿಸಬೇಕಾದುದು ಪದಾರ್ಥಗಳನ್ನಲ್ಲ, ಅವುಗಳ ಸರದಿಯನ್ನು. ಹೊಸ ಮಣ್ಣೂ ಸಗಣಿಯೂ ಮೊದಲು ಬಿದ್ದು, ಮಳೆಗಾಲವೆಲ್ಲ ನೆಲದೊಡನೆ ಬೆರೆತು ಕಳಿಯುತ್ತಿದ್ದುವು. ಸಾರಜನಕ ಹೆಚ್ಚಾಗಿರುವ ಹಿಂಡಿಯು ಗಿಡಕ್ಕೆ ಬೇಕಾದಾಗ ಮಾತ್ರ ಬರುತ್ತಿತ್ತು. ನಮ್ಮ ಸೀಮೆಯ ರೈತರು ಕೆರೆಗೋಡನ್ನು ಬೇಸಿಗೆಯಲ್ಲಿಯೇ ಹೊಲಕ್ಕೆ ಹೊಡೆಯುವುದರ ಹಿಂದೆಯೂ ಇಂಥದೇ ವಿವೇಕವಿದೆ. ಗಂಡುಗಿಡಗಳನ್ನು ಗುರುತಿಸಿ ಕೀಳಲು ‘ಪೋದ್ದಾರ’ನೆಂಬ ತಜ್ಞನನ್ನು ಹಣ ಕೊಟ್ಟು ಕರೆಸುತ್ತಿದ್ದರು, ವರದಿಗಳು ಅವನನ್ನು ವಿಶೇಷವಾಗಿ ಗಮನಿಸಿವೆ. ಮಣ್ಣನ್ನು ಹದಗೊಳಿಸುವುದಾದರೋ ರೈತನ ನಿತ್ಯದ ಕೆಲಸ. ಹೊಸಬನು ಅದನ್ನು ಕಲಿತದ್ದು ಹಿರಿಯರ ಜೊತೆಯಲ್ಲಿ ದುಡಿದೇ ಇರಬೇಕು. ಅಧಿಕಾರಿಯು ತಿಂಗಳನ್ನೂ ಗೊಬ್ಬರವನ್ನೂ ಬರೆದುಕೊಂಡನು; ಮಣ್ಣು ಹದಕ್ಕೆ ಬಂದಿತೆಂದು ನಿರ್ಣಯಿಸುವ ಕೈಯ ಅರಿವು ಕಡತಕ್ಕೆ ಇಳಿಯಲಿಲ್ಲ.

ಇಂಥ ಅರಿವನ್ನು ಶಾಸ್ತ್ರವೆಂದು ಪರಿಗಣಿಸಿದವರು ಆಲ್ಬರ್ಟ್ ಹೋವರ್ಡ್. 1905ರಲ್ಲಿ ಪೂಸಾಕ್ಕೆ ಬಂದ ಅವರು ಭಾರತದ ರೈತರನ್ನು ತಮ್ಮ ಗುರುಗಳೆಂದೇ ಭಾವಿಸಿದರು. ಮುಂದೆ ಇಂದೂರಿನಲ್ಲಿ ಸೊಪ್ಪುಸದೆ, ಸಗಣಿ, ಗಂಜಲ ಹೀರಿದ ಮಣ್ಣು, ಕಟ್ಟಿಗೆಯ ಬೂದಿ ಇವನ್ನು ಪದರಪದರವಾಗಿ ಒಟ್ಟಿ, ತಿರುವಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರವಾಗಿಸುವ ಪದ್ಧತಿಯನ್ನು ರೂಪಿಸಿದರು. ಯಶವಂತ ವಾಡ್ ಅವರೊಡನೆ ಬರೆದ ಈ ಪದ್ಧತಿಯ ಗ್ರಂಥವು 1931ರಲ್ಲಿ ಪ್ರಕಟವಾಯಿತು. ಗ್ರಂಥಕ್ಕೆ ಕರ್ತೃಗಳ ಹೆಸರು ನಿಂತಿತು, ಪದ್ಧತಿಗೆ ಊರಿನ ಹೆಸರು ನಿಂತಿತು. ಗುರುಗಳಾದ ರೈತರ ಹೆಸರು ಎಲ್ಲಿಯೂ ನಿಲ್ಲಲಿಲ್ಲ.

ನೌಗಾಂವ್‌ನ ಬೇಸಾಯವು 1980ರ ದಶಕದಲ್ಲಿ ಅಂತ್ಯಗೊಂಡಿತು. ಭಾರತದಲ್ಲಿ 1985ರ ಶಾಸನದಂತೆ ಪರವಾನಗಿಯಿಲ್ಲದೆ ಈ ಗಿಡವನ್ನು ಬೆಳೆಯುವುದು ಅಪರಾಧ. 2018ರಲ್ಲಿ ಕೆನಡಾ ದೇಶವು ಗಾಂಜಾವನ್ನು ಶಾಸನಬದ್ಧಗೊಳಿಸಿತು. ಅಂಥ ದೇಶಗಳಲ್ಲಿ ಹೊಸಬರು ಸಾವಯವ ಮಣ್ಣನ್ನು ಬೆರೆಸುವುದನ್ನು ಹೊಸ ವಿದ್ಯೆಯೆಂಬಂತೆ ಕಲಿಯುತ್ತಿದ್ದಾರೆ. ಅವರು ಬಯಸುವುದು ಪ್ರಮಾಣಗಳ ಪಟ್ಟಿಯನ್ನು. ನೌಗಾಂವ್‌ನ ರೈತನು ಬಲ್ಲುದು ಕಾಲವನ್ನು. ಸುಂಕದ ಆಸೆಯಿಂದಾದರೂ ಸರ್ಕಾರವು ಆ ಹೊಲಕ್ಕೆ ಕಾಲಿಟ್ಟಿರದಿದ್ದರೆ ಇಷ್ಟು ಸಂಗತಿಯೂ ನಮಗೆ ಉಳಿಯುತ್ತಿರಲಿಲ್ಲ. ಸುಂಕ ಬೀಳದ ಬೆಳೆಗಳನ್ನು ಬೆಳೆದ ಅಸಂಖ್ಯಾತ ರೈತರ ಮಣ್ಣಿನ ವಿದ್ಯೆಗೆ ಇಂಥ ಕಡತವೂ ಇಲ್ಲ. ಅದನ್ನು ಬಲ್ಲ ಹಿರಿಯರು ಇನ್ನೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಅವರ ಮಾತನ್ನು ದಾಖಲಿಸುವ ಕಾರ್ಯವು ಇತಿಹಾಸ ವಿಭಾಗಗಳಿಗೆ ಸೇರಿದ್ದೆಂದು ನಾವು ಭಾವಿಸುತ್ತೇವೆ.