ನೋವಿಗೆ ಮದ್ದು ಸಿಕ್ಕಿತು, ಕಾಯುವ ಭಯಕ್ಕೆ?

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನಿಮ್ಮ ಸರದಿಗೆ ಕಾಯ್ತಾ ಕೂತಿದ್ದೀರಿ. ಒಳಗಿಂದ ಡ್ರಿಲ್ ಸದ್ದು ಬರ್ತಾ ಇದೆ. ಆಗ ನಿಮ್ಮ ಭುಜ ಎಲ್ಲಿರುತ್ತೆ ಅಂತ ಗಮನಿಸಿದ್ದೀರಾ? ಹೆಚ್ಚುಕಮ್ಮಿ ಕಿವಿ ಹತ್ತಿರ! ಇವತ್ತು ಈ ಭಯದ ಇತಿಹಾಸ ನೋಡೋಣ.

1844ರ ಡಿಸೆಂಬರ್ 10. ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ನಗೆ ಅನಿಲದ ಪ್ರದರ್ಶನ. ಅನಿಲ ಸೇವಿಸಿದ ಒಬ್ಬ ಯುವಕನ ಕಾಲಿಗೆ ಪೆಟ್ಟಾಯಿತು, ಆದರೆ ಅವನಿಗೆ ನೋವೇ ಗೊತ್ತಾಗಲಿಲ್ಲ. ಅಲ್ಲಿದ್ದ ದಂತವೈದ್ಯ ಹೊರೇಸ್ ವೆಲ್ಸ್ ಇದನ್ನು ಗಮನಿಸಿದರು. ಮರುದಿನವೇ ತಾವೇ ಅನಿಲ ಸೇವಿಸಿ, ಇನ್ನೊಬ್ಬ ದಂತವೈದ್ಯ ಜಾನ್ ರಿಗ್ಸ್ ಅವರಿಂದ ಹಲ್ಲು ಕೀಳಿಸಿಕೊಂಡರು. ಪ್ರಯೋಗ ಗೆದ್ದಿತು. ಆದರೆ 1845ರಲ್ಲಿ ಬೋಸ್ಟನ್‌ನಲ್ಲಿ ಎಲ್ಲರೆದುರು ತೋರಿಸಲು ಹೋದಾಗ ರೋಗಿ ಕೂಗಿಬಿಟ್ಟ, ಜನ ವೆಲ್ಸ್‌ರನ್ನು ಗೇಲಿ ಮಾಡಿದರು. 1846ರಲ್ಲಿ ಅದೇ ಊರಲ್ಲಿ, ಈಥರ್ ಬಳಸಿ ಗೆದ್ದವರು ವೆಲ್ಸ್‌ರ ಹಳೆಯ ಪಾಲುದಾರ ವಿಲಿಯಂ ಮಾರ್ಟನ್, ಅವರೂ ದಂತವೈದ್ಯರೇ. ಮನನೊಂದಿದ್ದ ವೆಲ್ಸ್ 1848ರಲ್ಲಿ ತೀರಿಕೊಂಡರು.

ಮುಂದೆ 1905ರಲ್ಲಿ ನೊವೊಕೇನ್ ಚುಚ್ಚುಮದ್ದು ಬಳಕೆಗೆ ಬಂತು. 1950ರ ದಶಕದ ಕೊನೆಗೆ ಅತಿ ವೇಗದ ಡ್ರಿಲ್ ಬಂತು. ನೋವು ಬಹುಪಾಲು ಹಿಡಿತಕ್ಕೆ ಸಿಕ್ಕಿತು. ಹಾಗಾದರೆ ಭಯ ಹೋಗಬೇಕಿತ್ತಲ್ವಾ? ಹೋಗಲಿಲ್ಲ.

1969ರಲ್ಲಿ ನಾರ್ಮನ್ ಕೋರಾ ಎಂಬ ಸಂಶೋಧಕರು ಈ ಭಯ ಅಳೆಯೋಕೆ ಬರೀ ನಾಲ್ಕು ಪ್ರಶ್ನೆಗಳ ಅಳತೆಗೋಲು ಮಾಡಿದರು. ನಾಳೆ ಡಾಕ್ಟರ ಹತ್ತಿರ ಹೋಗಬೇಕು ಅಂದ್ರೆ ಹೇಗನ್ನಿಸುತ್ತೆ? ಹೊರಗೆ ಸರದಿಗೆ ಕಾಯುವಾಗ? ಕುರ್ಚಿಯಲ್ಲಿ ಕೂತಿದ್ದೀರಿ, ಡಾಕ್ಟರು ಡ್ರಿಲ್ ಸಿದ್ಧ ಮಾಡ್ತಿದ್ದಾರೆ, ಆಗ? ಹಲ್ಲು ಕ್ಲೀನ್ ಮಾಡೋಕೆ ಉಪಕರಣ ತೆಗೀತಿದ್ದಾರೆ, ಆಗ? ಒಟ್ಟು ಅಂಕ 4ರಿಂದ 20. ನೋಡಿ, ನಾಲ್ಕೂ ಪ್ರಶ್ನೆ ಚಿಕಿತ್ಸೆಗೆ ಮುಂಚಿನ ಹೊತ್ತಿನವು. ಅಂದ್ರೆ ಕಾಯುವುದೇ ಒಂದು ನೋವು.

ಆ ಕಾಯುವಿಕೆಯ ಭಾರ ಹೊರೋದು ಕುತ್ತಿಗೆ. ಭಯವಾದಾಗ ಗೊತ್ತಿಲ್ಲದೆಯೇ ಹಲ್ಲು ಕಚ್ಚಿ ಹಿಡೀತೀವಿ. ದವಡೆಯ ಜೊತೆಗೆ ಕುತ್ತಿಗೆ, ಭುಜದ ಸ್ನಾಯುಗಳೂ ಬಿಗಿಯಾಗುತ್ತವೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಬಗ್ಗಿದ ನಮ್ಮ ಕುತ್ತಿಗೆಗೆ ಇದು ಗಾಯದ ಮೇಲೆ ಬರೆ.

ಪುಣೆ, ಹೈದರಾಬಾದ್‌ನಲ್ಲಿರೋ ನಮ್ಮವರು 'ಊರಿಗೆ ಹೋದಾಗ ತೋರಿಸಿಕೊಂಡ್ರಾಯ್ತು' ಅಂತ ತಿಂಗಳುಗಟ್ಟಲೆ ಮುಂದೂಡೋದುಂಟು. ಅಷ್ಟರಲ್ಲಿ ಸಣ್ಣ ಹುಳುಕು ರೂಟ್ ಕೆನಾಲ್‌ವರೆಗೆ ಹೋಗಬಹುದು. ಕಾಯುವ ದಿನ ಹೆಚ್ಚಾದಷ್ಟೂ ಭಯವೂ ಬೆಳೆಯುತ್ತೆ.

ಆದ್ದರಿಂದ 'ನನಗೆ ಭಯ' ಅಂತ ಡಾಕ್ಟರಿಗೆ ಮೊದಲೇ ಹೇಳಿ. ಕೈ ಎತ್ತಿದ್ರೆ ನಿಲ್ಲಿಸಬೇಕು ಅಂತ ಮಾತಾಡಿಕೊಳ್ಳಿ. ಬೆಳಗಿನ ಮೊದಲ ಸರದಿ ಕೇಳಿ, ಕಾಯೋದು ಕಮ್ಮಿ. ಕಾಯುವಾಗ ಭುಜ ಇಳಿಸಿ, ಮೇಲಿನ ಕೆಳಗಿನ ಹಲ್ಲುಗಳ ನಡುವೆ ತುಸು ಜಾಗ ಬಿಡಿ. ಆದರೆ ಹಲ್ಲುನೋವಿನ ಜೊತೆ ಕುತ್ತಿಗೆ ಊದಿ, ಜ್ವರ ಬಂದು, ನುಂಗೋಕೆ ಕಷ್ಟವಾದರೆ ಅದು ಭಯವಲ್ಲ, ಸೋಂಕಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ಕಾಯುವ ಭಯಕ್ಕೆ ಚುಚ್ಚುಮದ್ದು ಬೇಡ, ಬಾಯಿಬಿಟ್ಟು ಹೇಳಿಕೊಂಡರೆ ಅರ್ಧ ಇಳಿಯುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.